ಮಲಯ್ ಬಾಣಂತನದ ಡಬ್ಬಿ: ಮೈಗೆ ಹಚ್ಚುವುದು ಯಾವುದು, ಬಾಯಿಗೆ ಹಾಕದೆ ಇಡುವುದು ಯಾವುದು?

ಪ್ರಶ್ನೆ (ಮಲೇಷ್ಯಾದ ಶಾ ಆಲಂನಿಂದ ಒಬ್ಬ ಸದಸ್ಯೆ): ಡಾಕ್ಟರೇ, ನನಗೆ ಈಗ ಎಂಟು ತಿಂಗಳು. ವೀಸಾ ತಡವಾಗಿ ಅಮ್ಮ ಹೆರಿಗೆ ಆದ ಮೇಲೆ ಬರುತ್ತಾರೆ. ಪಕ್ಕದ ಮನೆಯ ಮಲಯ್ ಅಜ್ಜಿ ಪಾಂತಾಂಗ್, ಅಂದರೆ ಅವರ ಬಾಣಂತನದ ಪಥ್ಯ-ಆರೈಕೆ, ಪೂರ್ತಿ ತಾವೇ ನೋಡಿಕೊಳ್ಳುತ್ತೇನೆ ಅಂದಿದ್ದಾರೆ. ಉರುತ್ (ಮೈ ತಿಕ್ಕುವುದು) ಮಾಡುವ ಹೆಂಗಸನ್ನೂ ಗೊತ್ತು ಮಾಡಿದ್ದಾರೆ. ಸೆಟ್ ಬರ್ಸಾಲಿನ್ ಅಂತ ಒಂದು ಡಬ್ಬಿ ಕೊಟ್ಟಿದ್ದಾರೆ, ಅದರಲ್ಲಿ ಹಣೆಗೆ ಪಿಲಿಸ್, ಮೈಗೆ ಪಾರಂ, ಹೊಟ್ಟೆಗೆ ತಾಪೆಲ್, ಸ್ನಾನದ ಸೊಪ್ಪು, ಬೆಂಕುಂಗ್ ಬಟ್ಟೆ, ಜಾಮು ಅನ್ನುವ ಮೂಲಿಕೆ ಮಾತ್ರೆ ಎಲ್ಲ ಇವೆ. ಬೇಡ ಅನ್ನಲು ಮನಸ್ಸಿಲ್ಲ. ಎಲ್ಲ ಬಳಸಲು ಭಯ.

ಉತ್ತರ (ಸ್ತ್ರೀರೋಗ ತಜ್ಞೆ): ಅಜ್ಜಿಗೆ ಬೇಡ ಅನ್ನಬೇಡಿ. ದೂರದ ಊರಲ್ಲಿ ಬಾಣಂತಿಯನ್ನು 40–44 ದಿನ ಕೈಹಿಡಿದು ನೋಡಿಕೊಳ್ಳುವವರು ಸಿಕ್ಕಿದ್ದಾರೆ, ಅದೇ ದೊಡ್ಡ ವಿಷಯ. ಪಾಂತಾಂಗಿನಲ್ಲಿ ನನಗೆ ತುಂಬಾ ಹಿಡಿಸುವುದೂ ಅದೇ: ಹೆತ್ತವಳು ಮನೆಗೆಲಸ ಮಾಡುವ ಹಾಗಿಲ್ಲ, ಬೇರೆಯವರು ಅವಳಿಗೆ ಮಾಡಬೇಕು.

ಡಬ್ಬಿಯನ್ನು ಎರಡು ಪಾಲು ಮಾಡಿ. ಹೊರಗೆ ಬಳಸುವುದು ಒಂದು ಕಡೆ, ಬಾಯಿಗೆ ಹೋಗುವುದು ಇನ್ನೊಂದು ಕಡೆ.

ಪಿಲಿಸ್, ಪಾರಂನಲ್ಲಿ ಸಾಮಾನ್ಯವಾಗಿ ಶುಂಠಿ, ಅರಿಶಿನದಂಥ ಬಿಸಿ ಮಸಾಲೆ ಇರುತ್ತವೆ. ಮೊದಲು ಮುಂಗೈಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಉರಿ, ತುರಿಕೆ ಇಲ್ಲದಿದ್ದರೆ ಹಚ್ಚಿಕೊಳ್ಳಿ. ಎದೆಗೆ ಮಾತ್ರ ಬೇಡ, ಮಗುವಿನ ಬಾಯಿಗೆ ಹೋಗುತ್ತದೆ. ನಿಂಬೆ ಹುಲ್ಲು, ಪಂದನ್, ನೋನಿ ಎಲೆ ಹಾಕಿ ಕುದಿಸಿದ ನೀರಿನ ಸ್ನಾನ ಹಿತವಾಗಿರುತ್ತದೆ, ಹದವಾದ ಬಿಸಿ ಇದ್ದರೆ ಸಾಕು. ತಾಪೆಲನ್ನು ಸುಣ್ಣ, ನಿಂಬೆರಸದಲ್ಲಿ ಕಲಸುತ್ತಾರೆ, ಕೆಲವರ ಚರ್ಮ ಸುಡುತ್ತದೆ, ಹಾಗಾಗಿ ಅದನ್ನು ಬಿಟ್ಟರೂ ನಷ್ಟವಿಲ್ಲ. ಬೆಂಕುಂಗ್ ನಮ್ಮಲ್ಲಿ ಬಾಣಂತಿಯ ಸೊಂಟಕ್ಕೆ ಸೀರೆ ಸುತ್ತುವಂಥದ್ದೇ. ಉಸಿರು ಕಟ್ಟುವಷ್ಟು ಬಿಗಿಯಬೇಡಿ, ಮಲಗುವಾಗ ಬಿಚ್ಚಿಡಿ.

ಉರುತ್ ಮಾಡುವವರಿಗೆ ತರಬೇತಿ ಆಗಿದೆಯಾ ಅಂತ ಕೇಳಿ. ಕೇಳಿದರೆ ಅವಮಾನವೇನಲ್ಲ. ಮಲೇಷ್ಯಾ ಸರ್ಕಾರವೇ 2007ರಲ್ಲಿ ಪೆನಾಂಗ್‌ನ ಕೆಪಾಲಾ ಬತಾಸ್ ಆಸ್ಪತ್ರೆಯಲ್ಲಿ ಸಾಂಪ್ರದಾಯಿಕ ಚಿಕಿತ್ಸೆಯ ಘಟಕ ತೆರೆಯಿತು. ಆಮೇಲೆ ಬೇರೆ ಆಸ್ಪತ್ರೆಗಳಿಗೂ ಅದು ಬಂತು, ಬಾಣಂತಿಯರ ಆರೈಕೆಯೂ ಅದರಲ್ಲಿ ಸೇರಿದೆ. ಈ ಚಿಕಿತ್ಸೆಗಳಿಗಾಗಿಯೇ 2016ರಲ್ಲಿ ಒಂದು ಕಾಯಿದೆಯೂ ಆಗಿದೆ.

ಇನ್ನು ಜಾಮು. ಇಲ್ಲಿ ನಾನು ಗಟ್ಟಿಯಾಗಿ ಹೇಳುತ್ತೇನೆ. ಡಬ್ಬಿಯ ಮೇಲೆ ಎಂಎಎಲ್ ಅಂತ ಶುರುವಾಗಿ ಟಿ ಅಕ್ಷರದಲ್ಲಿ ಮುಗಿಯುವ ನೋಂದಣಿ ಸಂಖ್ಯೆ ಮತ್ತು ಹೊಲೊಗ್ರಾಂ ಚೀಟಿ ಇದೆಯಾ ನೋಡಿ. ಔಷಧ ನಿಯಂತ್ರಣ ಸಂಸ್ಥೆ ಎನ್‌ಪಿಆರ್‌ಎ ವೆಬ್‌ಸೈಟಿನಲ್ಲಿ ಆ ಸಂಖ್ಯೆ ಹಾಕಿ ಪರೀಕ್ಷಿಸಬಹುದು. ಇಲ್ಲದಿದ್ದರೆ ಮುಟ್ಟಬೇಡಿ. ನೋಂದಣಿ ಇಲ್ಲದ ಜಾಮುಗಳಲ್ಲಿ ಸ್ಟೆರಾಯ್ಡ್, ನೋವಿನ ಮಾತ್ರೆ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿಬಿದ್ದಿದೆ. 'ಕುಡಿದ ತಕ್ಷಣ ಮೈಕೈ ನೋವು ಹೋಯಿತು' ಅಂತ ಯಾರಾದರೂ ಹೊಗಳಿದರೆ ನನಗೆ ಅನುಮಾನ ಜಾಸ್ತಿಯಾಗುತ್ತದೆ. ಸಂಖ್ಯೆ ಇದ್ದರೂ ಹಾಲುಣಿಸುವವರಿಗೆ ಸುರಕ್ಷಿತ ಅಂತ ಅರ್ಥವಲ್ಲ. ಕಾಚಿಪ್ ಫಾತಿಮಾ ಗರ್ಭಕೋಶ ಕುಗ್ಗಲಿ ಅಂತ ಕೊಡುವ ಕಾಡುಗಿಡ. ಬಸುರಿಯರು ಅದನ್ನು ತೆಗೆದುಕೊಳ್ಳಲೇಬಾರದು, ಹಾಲುಣಿಸುವಾಗ ಸುರಕ್ಷಿತ ಅನ್ನಲು ಸಾಕಷ್ಟು ಆಧಾರವಿಲ್ಲ. ಮಂಜಕಾನಿ ಅಂದರೆ ನಮ್ಮ ಗ್ರಂಧಿಗೆ ಅಂಗಡಿಯ ಮಾಚಿಕಾಯಿ. ಅದರ ಒಗರು ಮಲಬದ್ಧತೆ ತರುತ್ತದೆ, ಊಟದ ಕಬ್ಬಿಣಾಂಶ ಮೈಗೆ ಸೇರುವುದನ್ನು ಕಮ್ಮಿ ಮಾಡುತ್ತದೆ. ಯೋನಿಯೊಳಗೆ ಇಡುವ ಮಂಜಕಾನಿ ಮಾತ್ರೆಗಳೂ ಇವೆ, ದಯವಿಟ್ಟು ಬೇಡ. ಹೆರಿಗೆಯ ಗಾಯ ಒಳಗೆ ಹಸಿಯಾಗಿರುತ್ತದೆ, ಸೋಂಕು ಸುಲಭವಾಗಿ ತಗಲುತ್ತದೆ.

ಅದೇ ಸದಸ್ಯೆ: ಸಿಸೇರಿಯನ್ ಆದರೆ? ಬಿಸಿ ಕಲ್ಲು ಇಡುತ್ತಾರಂತೆ.

ಉತ್ತರ: ಅದು ತುಂಕು. ಕಲ್ಲನ್ನೋ ಕಬ್ಬಿಣದ ಗುಂಡನ್ನೋ ಕಾಯಿಸಿ, ಎಲೆ ಮತ್ತು ಬಟ್ಟೆ ಸುತ್ತಿ ಹೊಟ್ಟೆ, ಸೊಂಟದ ಮೇಲೆ ಒತ್ತುತ್ತಾರೆ. ಸಿಸೇರಿಯನ್ ಆದ ಮೇಲೆ ಹೊಲಿಗೆಯ ಸುತ್ತ ತಿಂಗಳುಗಟ್ಟಲೆ ಸ್ಪರ್ಶ ಮಂದವಾಗಿರುತ್ತದೆ. ಚರ್ಮ ಸುಡುತ್ತಿದ್ದರೂ ನಿಮಗೆ ಗೊತ್ತಾಗುವುದಿಲ್ಲ. ಹಾಗಾಗಿ ಹೊಟ್ಟೆಗೆ ತುಂಕು ಬೇಡ, ಹೊಟ್ಟೆಯ ಉರುತ್ ಕೂಡ ಕನಿಷ್ಠ 6 ವಾರ ಬೇಡ. ಕಾಲು, ಭುಜ, ಬೆನ್ನು ತಿಕ್ಕಿಸಿಕೊಳ್ಳಿ. ಆದರೆ ಒಂದು ಕಾಲು ಮಾತ್ರ ಊದಿ ನೋಯುತ್ತಿದ್ದರೆ ಅದನ್ನು ತಿಕ್ಕಿಸಲೇಬೇಡಿ, ರಕ್ತ ಹೆಪ್ಪುಗಟ್ಟಿರಬಹುದು, ನೇರ ಆಸ್ಪತ್ರೆಗೆ ಹೋಗಿ. ಗಾಯ ಮಾಯಲಿ ಅಂತ ಹರುವಾನ್ ಮೀನಿನ ಸಾರು ಕೊಡುತ್ತಾರೆ. ಮೀನು ತಿನ್ನುವವರಾದರೆ ಖುಷಿಯಾಗಿ ತಿನ್ನಿ, ಒಳ್ಳೆಯ ಪ್ರೋಟೀನು.

ಇನ್ನೊಬ್ಬ ಸದಸ್ಯೆ (ಜೊಹೋರ್ ಬಾರು): ನಮ್ಮ ಮನೆಗೆ ಬರುವ ಬಿಡಾನ್ (ಸೂಲಗಿತ್ತಿ) ನೀರು ಕಮ್ಮಿ ಕುಡಿ, ಸೌತೆಕಾಯಿ, ಕಲ್ಲಂಗಡಿ, ಸೊಪ್ಪು ಮುಟ್ಟಬೇಡ ಅನ್ನುತ್ತಾರೆ. ನನ್ನ ಅತ್ತೆಯೂ ಫೋನಿನಲ್ಲಿ ಅದನ್ನೇ ಹೇಳುತ್ತಾರೆ! ಮಗುವಿಗೆ ಸ್ವಲ್ಪ ಕಾಮಾಲೆ ಇದೆ. ನಾನು ಬೇರಿನ ಕಷಾಯ ಕುಡಿಯುತ್ತಿದ್ದೇನೆ.

ಉತ್ತರ: ಕಷಾಯ ಇವತ್ತೇ ನಿಲ್ಲಿಸಿ. ಮಗುವನ್ನೂ ಇವತ್ತೇ ಕ್ಲಿನಿಕ್ಕಿಗೆ ತೋರಿಸಿ. ಮಲೇಷ್ಯಾದಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಜಿ6ಪಿಡಿ ಅನ್ನುವ ರಕ್ತಕಣದ ಕಿಣ್ವದ ಪರೀಕ್ಷೆ ಮಾಡುತ್ತಾರೆ, ಆ ಕಿಣ್ವ ಕಮ್ಮಿ ಇರುವ ಮಗುವಿಗೆ ಕೆಲವು ಮೂಲಿಕೆಗಳಿಂದ ರಕ್ತಕಣ ಒಡೆದು ಕಾಮಾಲೆ ಏರಬಹುದು. ನಿಮ್ಮ ಮಗುವಿನ ಫಲಿತಾಂಶ ಕೇಳಿ. ಮನೆಗೆ ಬರುವ ಸರ್ಕಾರಿ ನರ್ಸ್ ಹತ್ತಿರ ಕಷಾಯದ ವಿಷಯ ಮುಚ್ಚಿಡಬೇಡಿ. ಬೈಯುತ್ತಾರೆ ಅಂತ ಎಷ್ಟೋ ತಾಯಂದಿರು ಹೇಳುವುದೇ ಇಲ್ಲ, ನನಗೆ ಸಂಕಟವಾಗುವುದು ಅದಕ್ಕೇ.

ನೀರು ಬಾಯಾರಿದಷ್ಟೂ ಕುಡಿಯಿರಿ, ಬಿಸಿನೀರೇ ಆಗಲಿ. ತಂಪು ಸೇರಿದರೆ ಮೈಯಲ್ಲಿ ಆಂಗಿನ್, ಅಂದರೆ ವಾಯು, ತುಂಬುತ್ತದೆ ಅನ್ನುವುದು ಅವರ ನಂಬಿಕೆ. ಸರಿ, ಐಸ್ ಬೇಡ. ಆದರೆ ನೀರು ಕಮ್ಮಿಯಾಗಿ, ಓಡಾಟವೂ ಇಲ್ಲದೆ ಮಲಗಿದರೆ ಮಲಬದ್ಧತೆ ಬರುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಸೊಪ್ಪನ್ನು ಶುಂಠಿ, ಕಾಳುಮೆಣಸು ಹಾಕಿ ಬೇಯಿಸಿ ತಿನ್ನಿ. ಹೀಗಾದರೆ ಬಿಡಾನ್ ಕೂಡ ಸುಮ್ನೆ ಒಪ್ಪುತ್ತಾರೆ.

ಒಬ್ಬ ಸದಸ್ಯ: ನನ್ನ ಹೆಂಡತಿ ಹೆರಿಗೆಯಾದಾಗಿನಿಂದ ರಾತ್ರಿ ನಿದ್ದೆ ಮಾಡುತ್ತಿಲ್ಲ, ಮಗು ತನ್ನದಲ್ಲ ಅನ್ನುತ್ತಾಳೆ. ಪಕ್ಕದವರು ಇದು ಮೆರೊಯಾನ್ (ಬಾಣಂತಿಯ ಮನಸ್ಸು ಕೆಡುವ ಕಾಯಿಲೆ), ಪಾಂತಾಂಗ್ ಸರಿಯಾಗಿ ಮಾಡಿಲ್ಲ, ಬೊಮೊಗೆ (ಮಂತ್ರ, ಮೂಲಿಕೆ ಮಾಡುವವನಿಗೆ) ತೋರಿಸು ಅನ್ನುತ್ತಾರೆ.

ಉತ್ತರ: ಅವಳು ಏನೂ ತಪ್ಪು ಮಾಡಿಲ್ಲ, ನೀವೂ ಮಾಡಿಲ್ಲ. ಮಲಯ್ ಮನೆಗಳಲ್ಲಿ ಇದಕ್ಕೆ ಹಿಂದಿನಿಂದಲೂ ಹೆಸರಿದೆ ಅಂದರೆ ಕಾಯಿಲೆಯನ್ನು ಅವರು ಸರಿಯಾಗಿಯೇ ಗುರುತಿಸಿದ್ದರು, ಆದರೆ ಇದಕ್ಕೆ ಮೂಲಿಕೆ ಸಾಲದು. ಮಗು ತನ್ನದಲ್ಲ ಅನ್ನುವುದು ಬರೀ ಬೇಸರವಲ್ಲ, ಇದು ತುರ್ತು. ಈಗಲೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಬರಲು ಒಪ್ಪದಿದ್ದರೆ 999ಕ್ಕೆ ಫೋನ್ ಮಾಡಿ. ಅಲ್ಲಿಯವರೆಗೆ ಅವಳನ್ನೂ ಮಗುವನ್ನೂ ಇಬ್ಬರನ್ನೇ ಬಿಡಬೇಡಿ. ಚಿಕಿತ್ಸೆಯಿಂದ ಇದು ಗುಣವಾಗುತ್ತದೆ. ಆಸ್ಪತ್ರೆ ತಲುಪಿದ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ.