ಗಾಲಿ ಪುಟಿಯೋದು, ಗಾಡಿ ಕೂರೋದು, ಹಿಂಬಾರ: ಇವಕ್ಕೆ ಸರಿಯಾದ ಪದ ಯಾವುದು?

ಗೆಳೆಯರೇ, ಒಂದಿಷ್ಟು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಿತ್ತು. ಹಳೇ ಅಮೆರಿಕನ್ ಮಸಲ್ ಕಾರುಗಳ (ದೊಡ್ಡ ಇಂಜಿನ್ನಿನ, ಜಾಸ್ತಿ ಪವರ್ ಇರೋ ಕಾರುಗಳು) ಹಿಂದಿನ ಸಸ್ಪೆನ್ಷನ್ ಬಗ್ಗೆ ಕನ್ನಡದಲ್ಲಿ ಒಂದು ಉದ್ದನೆ ಬರಹ ಬರೀತಿದೀನಿ, ಅಂದ್ರೆ ನಿಂತ ಜಾಗದಿಂದ ಜೋರಾಗಿ ಹೊರಡುವಾಗ ಹಿಂದಿನ ಟೈರು ಸುಮ್ನೆ ತಿರುಗಿ ಹೊಗೆ ಬಿಡದೆ ಗಾಡಿನ ಮುಂದಕ್ಕೆ ತಳ್ಳೋ ಹಾಗೆ ಮಾಡೋಕೆ ಏನೇನು ಬದಲಾವಣೆ ಮಾಡ್ತಾರೆ ಅನ್ನೋದು. ಪಾರ್ಟುಗಳ ಹೆಸರಲ್ಲಿ ತೊಂದ್ರೆ ಇಲ್ಲ, ಆಕ್ಸಲ್ಲು, ಬುಷ್ಷು, ಶಾಕ್ಸು, ಬ್ಲೇಡ್ ಸೆಟ್ಟು ಅಂದ್ರೆ ಯಾವ ಗ್ಯಾರೇಜಲ್ಲಾದ್ರೂ ಗೊತ್ತಾಗುತ್ತೆ, ಅವನ್ನ ಮುಟ್ಟಕ್ಕೆ ಹೋಗಲ್ಲ. ತೊಡಕಿರೋದು ಗಾಡಿ ಏನು ಮಾಡುತ್ತೆ ಅಂತ ಹೇಳೋ ಪದಗಳಲ್ಲಿ.

ಮೊದಲು ಟ್ರ್ಯಾಕ್ಷನ್, ಅಂದ್ರೆ ಟೈರು ಜಾರದೆ ರೋಡನ್ನ ಹಿಡ್ಕೊಳ್ಳೋದು. ನಿಘಂಟು ಕರ್ಷಣ ಅನ್ನುತ್ತೆ, ಎಳೆತ ಅನ್ನುತ್ತೆ. ರೈಲಿಗೆ ಎಳೆತ ಚೆನ್ನಾಗಿ ಹೊಂದುತ್ತೆ, ಇಂಜಿನ್ನು ಬೋಗಿಗಳನ್ನ ಎಳೆಯೋದೇ ಅಲ್ವಾ, ಆದ್ರೆ ಹಿಂದಿನ ಗಾಲಿಗೆ ಪವರ್ ಹೋಗೋ ಕಾರಲ್ಲಿ ಟೈರು ತಳ್ಳುತ್ತೆ, ಎಳೆಯಲ್ಲ. 'ಹಿಡಿತ' ಅನ್ನೋಣ ಅಂದ್ರೆ 'ಸ್ಟೇರಿಂಗ್ ಮೇಲೆ ಹಿಡಿತ ತಪ್ಪಿ' ಅಂತ ಓದಿ ಓದಿ ಅದು ಡ್ರೈವರ್ ಕೈಯಲ್ಲಿರೋ ವಿಷಯ ಅನ್ನೋ ಹಾಗೆ ಕೂತುಬಿಟ್ಟಿದೆ. ನನಗೆ ಇಷ್ಟ ಆಗಿದ್ದು 'ಕಚ್ಚು', ಟೈರು ರೋಡನ್ನ ಕಚ್ಚಿಕೊಳ್ತು ಅಂದ್ರೆ ಯಾರಿಗೂ ವಿವರಿಸಬೇಕಾಗಿಲ್ಲ. ಒಂದೇ ಎಚ್ಚರಿಕೆ, 'ನೆಲ' ಅಂತ ಸೇರಿಸಬಾರದು, ನೆಲ ಕಚ್ಚಿತು ಅಂದ್ರೆ ಸೋತು ಬಿತ್ತು ಅಂತ ಅರ್ಥ ಆಗೋಗುತ್ತೆ. ಹಾಗಾಗಿ 'ಟೈರಿನ ಕಚ್ಚು' ಅಂತಲೇ ಇಟ್ಕೊಂಡಿದೀನಿ.

ಎರಡನೇದು ವೀಲ್ ಹಾಪ್. 1967ರ ಮೊದಲ ಶೆವರ್ಲೆ ಕಮಾರೋದಲ್ಲಿ ಹಿಂದೆ ಆ ಕಡೆ ಒಂದು ಈ ಕಡೆ ಒಂದು ಒಂಟಿ ಬ್ಲೇಡು, ಅಂದ್ರೆ ಸ್ಪ್ರಿಂಗ್ ಆಗಿ ಕೆಲಸ ಮಾಡೋ ಉದ್ದನೆ ಉಕ್ಕಿನ ಪಟ್ಟಿ, ಇತ್ತು. ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಗಾಲಿ ಮುಂದಕ್ಕೆ ತಿರುಗುತ್ತೆ, ಆಕ್ಸಲ್ಲಿನ ಕವಚ ಅದಕ್ಕೆ ಉಲ್ಟಾ ತಿರುಗಕ್ಕೆ ನೋಡುತ್ತೆ, ಆ ತಿರುಚಿಗೆ ಬ್ಲೇಡು ಹಾವಿನ ಹಾಗೆ ಡೊಂಕಾಗುತ್ತೆ, ಅಷ್ಟರಲ್ಲಿ ಟೈರಿನ ಕಚ್ಚು ಬಿಟ್ಟೋಗುತ್ತೆ, ಬ್ಲೇಡು ಪಟ್ಟಂತ ನೆಟ್ಟಗಾಗುತ್ತೆ, ಟೈರು ಮತ್ತೆ ಕಚ್ಚುತ್ತೆ, ಮತ್ತೆ ತಿರುಚು, ಇದೇ ಸೆಕೆಂಡಿಗೆ ಎಷ್ಟೋ ಸಲ ಆಗಿ ಇಡೀ ಹಿಂಬದಿ ದಡದಡ ಅನ್ನುತ್ತೆ. 1968ರಲ್ಲಿ ಜಾಸ್ತಿ ಪವರ್ ಇರೋ ಮಾಡೆಲ್‌ಗಳಿಗೆ ಹಲವು ಪಟ್ಟಿಗಳ ಬ್ಲೇಡ್ ಸೆಟ್ ಹಾಕಿದ್ರು, ಒಂದು ಶಾಕ್ಸ್ (ಸ್ಪ್ರಿಂಗಿನ ಕುಣಿತ ತಡೆಯೋ ಶಾಕ್ ಅಬ್ಸಾರ್ಬರ್) ಆಕ್ಸಲ್ ಮುಂದೆ ಇನ್ನೊಂದು ಹಿಂದೆ ಕೂರಿಸಿದ್ರು. ಯಾಕೆ ಅಂದ್ರೆ ಎರಡೂ ಒಂದೇ ಕಡೆ ಇದ್ದಾಗ ಆಕ್ಸಲ್ ತಿರುಚೋದನ್ನ ಅಷ್ಟಾಗಿ ತಡೆಯಲ್ಲ, ಮುಂದೊಂದು ಹಿಂದೊಂದು ಇದ್ರೆ ತಿರುಚು ಎರಡೂ ದಿಕ್ಕಲ್ಲಿ ಶಾಕ್ಸನ್ನ ಒತ್ತಲೇಬೇಕು.

ಇದಕ್ಕೆ 'ಗಾಲಿ ಕುಪ್ಪಳಿಸೋದು' ಅಂತ ಬರೆಯೋದುಂಟು. ನನಗೆ ಒಪ್ಪಿಗೆ ಇಲ್ಲ. ಕುಪ್ಪಳಿಸೋದು ಬೇಕು ಅಂತ ಕಾಲೂರಿ ಮಾಡೋ ಕೆಲಸ, ಕಪ್ಪೆ ಮಾಡುತ್ತೆ, ಮಕ್ಕಳು ಮಾಡ್ತವೆ. ಇಲ್ಲಿ ಒಳಗೆ ಸೇರ್ಕೊಂಡ ಒತ್ತಡ ತಾನಾಗೇ ವಾಪಸ್ ಬರ್ತಿರೋದು, ಚೆಂಡಿಗೆ ಏನಂತೀವೋ ಅದೇ, ಪುಟಿಯೋದು. 'ಗಾಲಿ ಪುಟಿತ' ಅಂದ್ರೆ ಕಾರಣವೂ ಪದದಲ್ಲೇ ಬಂತು. ಯಾರಿಗಾದ್ರೂ ಇದು ಸರಿ ಅನ್ನಿಸದಿದ್ರೆ ಯಾಕೆ ಅಂತ ಬರೀರಿ.

ಈಗ ನಿಜವಾಗ್ಲೂ ಕೇಳಬೇಕಾಗಿರೋದು. ಇಂಗ್ಲಿಷಲ್ಲಿ ವೆಯ್ಟ್ ಟ್ರಾನ್ಸ್‌ಫರ್ (ವೇಗ ಏರುವಾಗ ಹಿಂದಿನ ಗಾಲಿಗಳ ಮೇಲೆ ಭಾರ ಜಾಸ್ತಿ ಆಗೋದು) ಬೇರೆ, ಸ್ಕ್ವಾಟ್ (ಆಗ ಗಾಡಿಯ ಹಿಂಬದಿ ಕೆಳಗೆ ಕೂರೋದು) ಬೇರೆ. ಕನ್ನಡದಲ್ಲಿ ಬರೆಯುವಾಗ ಎರಡನ್ನೂ 'ಭಾರ ಹಿಂದಕ್ಕೆ ಕೂರುತ್ತೆ' ಅಂತ ಒಂದೇ ಮಾತಲ್ಲಿ ಮುಗಿಸಿಬಿಡೋದು ನೋಡಿದೀನಿ, ಇದರಿಂದ ಓದೋರಿಗೆ ತಪ್ಪು ತಿಳುವಳಿಕೆನೇ ಹೋಗುತ್ತೆ. 1500 ಕೆಜಿ ಕಾರು ಅಂದ್ಕೊಳ್ಳಿ, ಎರಡು ಆಕ್ಸಲ್ ನಡುವೆ 2.7 ಮೀಟರ್, ಗುರುತ್ವ ಕೇಂದ್ರ ರೋಡಿಂದ 0.5 ಮೀಟರ್ ಮೇಲೆ, ವೇಗೋತ್ಕರ್ಷ ಗುರುತ್ವದ 0.6 ಪಟ್ಟು. ಆಗ ಸುಮಾರು 167 ಕೆಜಿ ಮುಂದಿನ ಗಾಲಿಗಳಿಂದ ಹಿಂದಿನ ಗಾಲಿಗಳ ಮೇಲೆ ಬರುತ್ತೆ. ಈ ಲೆಕ್ಕದಲ್ಲಿ ಸ್ಪ್ರಿಂಗೇ ಇಲ್ಲ ನೋಡಿ. ಸ್ಪ್ರಿಂಗ್ ಮೆತ್ತಗಿದ್ರೂ ಗಟ್ಟಿ ಇದ್ರೂ ಹೆಚ್ಚು ಕಮ್ಮಿ ಅಷ್ಟೇ ಭಾರ ಬರೋದು. ಗಾಡಿಯ ಹಿಂಬದಿ ಕೆಳಗೆ ಹೋಗೋದು ಅದರ ಪರಿಣಾಮ ಅಷ್ಟೇ, ಅದೂ ತಪ್ಪಿಸಬಹುದಾದ ಪರಿಣಾಮ.

ಭಾರ ಬರೋದಕ್ಕೆ 'ಭಾರ ವರ್ಗಾವಣೆ' ಅಂದ್ರೆ ನನಗೆ ಸರ್ಕಾರಿ ಆದೇಶದ ವಾಸನೆ ಬರುತ್ತೆ. ನಮ್ಮ ಕಡೆ ಎತ್ತಿನ ಗಾಡಿಗೆ ಲೋಡು ಹಿಂದೆ ಜಾಸ್ತಿ ಆಗಿ ನೊಗ ಮೇಲಕ್ಕೆ ಎದ್ರೆ 'ಗಾಡಿ ಹಿಂಬಾರ ಆಯ್ತು' ಅಂತಾರೆ, ಆ 'ಹಿಂಬಾರ'ವನ್ನೇ ಇಲ್ಲಿಗೆ ತಂದ್ರೆ ಹೇಗೆ? ಗಾಡೀಲಿ ಅದು ಲೋಡು ಹಾಕಿದ ರೀತಿಯಿಂದ ಆಗೋದು, ಕಾರಲ್ಲಿ ವೇಗ ಏರೋವಾಗ ಮಾತ್ರ ಆಗೋದು, ಆ ವ್ಯತ್ಯಾಸ ನನಗೆ ಗೊತ್ತು, ಆದ್ರೂ ಭಾರ ಹಿಂದೆ ಬಿತ್ತು ಅನ್ನೋ ಮೂಲ ಅರ್ಥ ಕೆಡಲ್ಲ ಅನ್ಸುತ್ತೆ. ಆಗ 'ಹಿಂಬಾರ ಆದ್ರೂ ಗಾಡಿ ಕೂರಬೇಕು ಅಂತೇನಿಲ್ಲ' ಅಂತ ಒಂದೇ ವಾಕ್ಯದಲ್ಲಿ ಸ್ಪಷ್ಟವಾಗಿ ಹೇಳಬಹುದು.

ಕೂರದೆ ಇರೋ ಹಾಗೆ ಮಾಡೋದೇ ಆಂಟಿ ಸ್ಕ್ವಾಟ್. ಆಕ್ಸಲ್ಲನ್ನ ಬಾಡಿಗೆ ಹಿಡಿಯೋ ಆರ್ಮ್‌ಗಳ ಓರೆ ಸರಿಯಾಗಿದ್ರೆ ಟೈರಿನ ತಳ್ಳುವ ಬಲದಲ್ಲಿ ಒಂದು ಪಾಲು ಬಾಡಿನ ಮೇಲಕ್ಕೆ ಎತ್ತಿ ಹಿಡಿಯುತ್ತೆ, ಹಿಂಬಾರ ಸ್ಪ್ರಿಂಗ್ ಮೂಲಕ ಹೋಗೋ ಬದಲು ಆರ್ಮ್ ಮೂಲಕ ಟೈರಿಗೆ ಬೇಗ ತಲುಪುತ್ತೆ. 1979ರಿಂದ 1993ರವರೆಗಿನ ಫೋರ್ಡ್ ಮಸ್ಟಾಂಗ್ ಕಾರಲ್ಲಿ ಕೆಳಗಿನ ಆರ್ಮನ್ನ ಆಕ್ಸಲ್ ಕಡೆ ಇನ್ನೂ ಕೆಳಗೆ ಹಿಡಿಯೋ ಬ್ರಾಕೆಟ್ ಹಾಕ್ತಾರಲ್ಲ ಅದು ಇದಕ್ಕೇ, ಮುಖ್ಯವಾಗಿ ಗಾಡಿನ ತಗ್ಗಿಸಿದಾಗ ಕಳ್ಕೊಂಡ ಓರೆ ವಾಪಸ್ ಪಡೆಯೋಕೆ. ಆಂಟಿ ಸ್ಕ್ವಾಟನ್ನ ಶೇಕಡಾ ಲೆಕ್ಕದಲ್ಲಿ ಹೇಳ್ತಾರೆ, ಶೇಕಡಾ 100 ಇದ್ರೆ ಹಿಂಬದಿ ಇದ್ದಲ್ಲೇ ಇರುತ್ತೆ, ಅದನ್ನ ಮೀರಿದ್ರೆ ಮೇಲಕ್ಕೇ ಏಳುತ್ತೆ. ತುಂಬಾ ಜಾಸ್ತಿ ಮಾಡಿದ್ರೆ ಬ್ರೇಕ್ ಹಾಕಿದಾಗ ಗಾಲಿ ಪುಟಿಯೋ ಕಾಟ ಶುರು ಆಗುತ್ತೆ, ರೇಸ್ ಪಟ್ಟಿಗೆ ಮಾತ್ರ ಅಲ್ಲದೆ ರೋಡಲ್ಲೂ ಓಡಿಸೋರು ಇದನ್ನ ಮರೀಬಾರದು.

'ಪ್ರತಿ', 'ನಿರೋಧಿ' ಅಂತ ಮುಂದೆ ಅಂಟಿಸೋ ಪದ ನನಗೆ ಬೇಡ, 'ಕೂರ್ತಡೆ' ಕಿವಿಗೆ ಹಿತವಾಗಿಲ್ಲ, ಶೇಕಡಾ 120 ಆದಾಗ ತಡೆ ಅನ್ನೋದು ಅರ್ಥನೂ ಕೊಡಲ್ಲ. 'ಆನಿಕೆ' ಅಂದ್ರೆ? ಬೀಳೋ ಗೋಡೆಗೆ ಆನಿಕೆ ಕೊಡ್ತೀವಲ್ಲ ಅದು. ಆರ್ಮ್‌ಗಳು ಬಾಡಿಗೆ ಕೊಡ್ತಿರೋದು ಅದನ್ನೇ, 'ಶೇಕಡಾ 70 ಆನಿಕೆ' 'ಆನಿಕೆ ಜಾಸ್ತಿ ಆಯ್ತು' ಅಂತ ಅಳತೆಗೂ ಒಗ್ಗುತ್ತೆ.

ಹಿಂಬಾರ ಅನ್ನೋ ಮಾತು ನಿಮ್ಮ ಊರ ಕಡೆ ಇದೆಯಾ, ಇಲ್ಲದಿದ್ರೆ ಲೋಡು ಹಿಂದಾಗಿ ಗಾಡಿಯ ನೊಗ ಮೇಲಕ್ಕೆ ಎದ್ದಾಗ ಏನಂತಾರೆ? ಮುಖ್ಯವಾಗಿ ಉತ್ತರ ಕರ್ನಾಟಕದವರು ಬರೀರಿ, ಚಕ್ಕಡಿ ಹೂಡೋರ ಬಾಯಲ್ಲಿ ಇದಕ್ಕೆ ಬೇರೆ ಪದ ಇರಬೇಕು. ಆನಿಕೆಗೆ ಬದಲು ಗಾಡಿ ಕೆಲಸದ ಬಡಗಿಗಳು ಬಳಸೋ ಮಾತು ಯಾವುದಾದ್ರೂ ಇದ್ರೆ ಅದನ್ನೂ ತಿಳಿಸಿ.