ಮಂಗನ ಕಾಯಿಲೆಗೆ ಯಾಕೆ ಮಾತ್ರೆ ಇಲ್ಲ? ಅಮೆರಿಕದ ವೋಚರ್ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ಸರ್, ನಮ್ಮೂರು ತೀರ್ಥಹಳ್ಳಿ ಕಡೆ. ಬೇಸಿಗೆ ಹತ್ತಿರ ಬಂದರೆ ಮಂಗನ ಕಾಯಿಲೆ ಭಯ ಶುರು. ಕಾಡಿಗೆ ಹೋಗುವಾಗ ಉಣುಗು ಕಚ್ಚದಂತೆ ಡೆಪಾ ಎಣ್ಣೆ ಹಚ್ಚಿಕೊಳ್ಳಿ ಅಂತಾರೆ. ಕಾಯಿಲೆ ಬಂದುಬಿಟ್ಟರೆ ಅದಕ್ಕೇ ಅಂತ ಔಷಧಿ ಇಲ್ಲ. ಇಂಥ ರೋಗಗಳಿಗೆ ಔಷಧಿ ತಂದರೆ ಅಮೆರಿಕ ಸರ್ಕಾರ ಕಂಪನಿಗೆ ವೋಚರ್ ಕೊಡುತ್ತದಂತೆ. ಏನದು?

ಉತ್ತರ: ನಾನು ಔಷಧ ಅನುಮತಿಯ ಅರ್ಜಿಗಳ ಕೆಲಸದಲ್ಲಿದ್ದೇನೆ. ಗೊತ್ತಿರುವಷ್ಟು ಹೇಳುತ್ತೇನೆ.

ಕಾಲಾ ಅಜಾರ್ (ಮರಳುನೊಣ ಕಚ್ಚಿ ಬರುವ ಜ್ವರ), ಆನೆಕಾಲು, ಕುಷ್ಠ. ಇವೆಲ್ಲ ಹೆಚ್ಚಾಗಿ ಬಡವರಿಗೆ ಬರುವ ರೋಗಗಳು. ಔಷಧಿ ಮಾಡಲು ಖರ್ಚು ಜಾಸ್ತಿ, ಕೊಳ್ಳುವವರ ಕೈಯಲ್ಲಿ ಕಾಸಿಲ್ಲ. ಹಾಗಾಗಿ ಕಂಪನಿಗಳು ಮುಂದೆ ಬರುವುದಿಲ್ಲ. ಇದಕ್ಕೊಂದು ದಾರಿ ಅಂತ ಡ್ಯೂಕ್ ವಿಶ್ವವಿದ್ಯಾಲಯದ ಮೂವರು 2006ರಲ್ಲಿ ವೋಚರ್ ಯೋಚನೆ ಮುಂದಿಟ್ಟರು. 2007ರಲ್ಲಿ ಅದು ಅಮೆರಿಕದಲ್ಲಿ ಕಾನೂನಾಯಿತು.

ಆ ಕಾನೂನಿನ ಪಟ್ಟಿಯಲ್ಲಿರುವ ರೋಗಕ್ಕೆ ಅಮೆರಿಕಕ್ಕೆ ಹೊಸದಾದ ಔಷಧಿ ತಂದು, ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಅನುಮತಿ ಪಡೆದರೆ ಕಂಪನಿಗೆ ಒಂದು ವೋಚರ್ ಸಿಗುತ್ತದೆ. ಅದನ್ನು ತನ್ನ ಬೇರೆ ಯಾವುದೇ ಔಷಧಿಗೆ ಬಳಸಬಹುದು, ಸಕ್ಕರೆ ಕಾಯಿಲೆಯದ್ದಾದರೂ ಸರಿ. ಸುಮಾರು 10 ತಿಂಗಳು ಹಿಡಿಯುವ ಪರಿಶೀಲನೆಗೆ ಆಗ 6 ತಿಂಗಳ ಗುರಿ. ಚೆನ್ನಾಗಿ ಮಾರಾಟವಾಗುವ ಔಷಧಿ ನಾಲ್ಕು ತಿಂಗಳು ಮೊದಲೇ ಅಂಗಡಿಗೆ ಬಂದರೆ ಎಷ್ಟು ಲಾಭ, ಯೋಚನೆ ಮಾಡಿ. ವೋಚರನ್ನು ಮಾರಲೂಬಹುದು. ಮುಂದೆ ಮಕ್ಕಳ ಅಪರೂಪದ ರೋಗಗಳಿಗೂ ಇಂಥದ್ದೇ ವೋಚರ್ ಬಂತು. ಅಂಥ ಒಂದು 2015ರಲ್ಲಿ 35 ಕೋಟಿ ಡಾಲರ್‌ಗೆ ಹೋಯಿತು.

ಪ್ರಶ್ನೆ: ಹಾಗಾದ್ರೆ ಬಡವರಿಗೆ ಔಷಧಿ ಸಿಕ್ಕಿತಾ ಸರ್?

ಉತ್ತರ: ಕೆಲವು ಕಡೆ ಕೆಲಸ ಮಾಡಿದೆ. ಆಫ್ರಿಕಾದಲ್ಲಿ ಕಣ್ಣು ಕಳೆಯುವ ‘ನದಿ ಕುರುಡು’ ರೋಗಕ್ಕೆ ಮಾಕ್ಸಿಡೆಕ್ಟಿನ್ ಎಂಬ ಮಾತ್ರೆಗೆ 2018ರಲ್ಲಿ ಅನುಮತಿ ಸಿಕ್ಕಿತು. ತಂದದ್ದು ಆಸ್ಟ್ರೇಲಿಯಾದ ಲಾಭಕ್ಕಲ್ಲದ ಸಂಸ್ಥೆ. ಮುಂದೆ ವೋಚರ್ ಸಿಗುತ್ತದೆ ಎಂಬ ಭರವಸೆಯ ಮೇಲೇ ಅದಕ್ಕೆ ಹಣ ಹಾಕುವವರು ಸಿಕ್ಕರು. ವೋಚರ್ ಇಲ್ಲದಿದ್ದರೆ ಆ ಮಾತ್ರೆ ಬರುವುದು ಕಷ್ಟವಿತ್ತು.

ಆದರೆ ಮಿಲ್ಟೆಫೋಸಿನ್ ಕಥೆ ನನಗೆ ಇಂದಿಗೂ ಸಂಕಟ ತರುತ್ತದೆ. ಕಾಲಾ ಅಜಾರ್‌ಗೆ ನುಂಗುವ ಮೊದಲ ಮಾತ್ರೆ ಅದು. ಹುಟ್ಟಿದ್ದು ಕ್ಯಾನ್ಸರ್ ಔಷಧಿಯಾಗಿ. ಕಾಲಾ ಅಜಾರ್‌ಗೆ ಅದರ ಪ್ರಯೋಗ ನಡೆದದ್ದು ನಮ್ಮ ಬಿಹಾರದಲ್ಲಿ, ನಮ್ಮ ಬಡ ರೋಗಿಗಳ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯೂ ಕೈ ಜೋಡಿಸಿತ್ತು. ಭಾರತ 2002ರಲ್ಲೇ ಅನುಮತಿ ಕೊಟ್ಟಿತ್ತು. ಹನ್ನೆರಡು ವರ್ಷದ ಮೇಲೆ, 2014ರಲ್ಲಿ, ಕೆನಡಾದ ನೈಟ್ ಕಂಪನಿ ಅದೇ ಔಷಧಿಗೆ ಅಮೆರಿಕದಲ್ಲಿ ಅನುಮತಿ ಪಡೆಯಿತು, ವೋಚರ್ ಗಿಟ್ಟಿಸಿತು. ಅದೇ ವರ್ಷ ಆ ವೋಚರನ್ನು ಗಿಲಿಯಡ್ ಎಂಬ ಔಷಧ ಕಂಪನಿಗೆ 12.5 ಕೋಟಿ ಡಾಲರ್‌ಗೆ ಮಾರಿತು. ಔಷಧಿಯನ್ನು ರೋಗಿಗಳಿಗೆ ಕಡಿಮೆ ಬೆಲೆಗೆ ಕೊಡಲೇಬೇಕು ಎಂಬ ಷರತ್ತು ಕಾನೂನಿನಲ್ಲಿ ಇರಲಿಲ್ಲ. 2017ರಲ್ಲಿ ಕಾನೂನು ಸ್ವಲ್ಪ ಬಿಗಿಯಾಗಿ, ಹೊಸ ಪ್ರಯೋಗದ ವರದಿ ಬೇಕು ಎಂದಾಯಿತು. ಬೆಲೆಯ ಷರತ್ತು ಆಗಲೂ ಬರಲಿಲ್ಲ. ಅನುಮತಿ ಪತ್ರಕ್ಕೆ ಬಹುಮಾನ ಕೊಡುವುದು ಬೇರೆ, ಮಾತ್ರೆ ರೋಗಿಯ ಕೈ ಸೇರುವುದು ಬೇರೆ. ಎರಡನ್ನೂ ಒಟ್ಟಿಗೆ ಕಟ್ಟಬೇಕಿತ್ತು ಅಂತ ನನ್ನ ಅಭಿಪ್ರಾಯ.

ಇನ್ನೊಬ್ಬರ ಪ್ರಶ್ನೆ: ಮಂಗನ ಕಾಯಿಲೆಗೂ ಈ ವೋಚರ್ ಸಿಗಬಹುದಾ ಸರ್? ನಾನು ಆಶಾ ಕಾರ್ಯಕರ್ತೆ, ಮನೆಮನೆಗೆ ಹೋಗುವಾಗ ಜನ ಕೇಳ್ತಾರೆ.

ಉತ್ತರ: ಒಳ್ಳೇ ಪ್ರಶ್ನೆ ಅಕ್ಕಾ. 2007ರ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಹೊಸ ರೋಗ ಸೇರಿಸಲು ದಾರಿ ಇದೆ, ಚಿಕೂನ್‌ಗುನ್ಯಾ 2018ರಲ್ಲಿ ಹಾಗೇ ಸೇರಿತು. ಆದರೆ ಅಮೆರಿಕವನ್ನು ನಂಬಿ ಕೂರುವುದು ಬೇಡ ಅಲ್ವಾ? ಈ ರೋಗ ಇರುವುದು ನಮ್ಮ ಪಶ್ಚಿಮ ಘಟ್ಟದ ಸುತ್ತಮುತ್ತ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. ಔಷಧಿಯೋ ಲಸಿಕೆಯೋ ಬಂದರೆ ಕೊಳ್ಳುವುದು ನಮ್ಮ ಸರ್ಕಾರಗಳೇ.

ನಮ್ಮಲ್ಲಿ 2019ರ ಹೊಸ ಔಷಧ ನಿಯಮಗಳಿವೆ. ದೇಶದಲ್ಲಿ 5 ಲಕ್ಷ ಅಥವಾ ಅದಕ್ಕಿಂತ ಕಡಿಮೆ ಜನರಿಗೆ ಇರುವ ಕಾಯಿಲೆಯ ಔಷಧಿಗೆ ಪ್ರಯೋಗದ ಅರ್ಜಿ ಶುಲ್ಕ ಇಲ್ಲ, ಬೇಗ ಪರಿಶೀಲಿಸಲೂ ಅವಕಾಶ ಇದೆ. ಆದರೆ ಶುಲ್ಕ ಉಳಿಯಿತು ಅಂತ ಯಾವ ಕಂಪನಿಯೂ ಕಾರ್ಖಾನೆಯಲ್ಲಿ ಹೊಸ ಉತ್ಪಾದನಾ ಸಾಲು ಹಾಕುವುದಿಲ್ಲ. ಮಂಗನ ಕಾಯಿಲೆಯ ಹಳೆಯ ಲಸಿಕೆ ನಿಂತುಹೋಗಿದೆ. ಹೊಸದಕ್ಕೆ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್, ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಕಂಪನಿ ಜೊತೆ ಕೆಲಸ ಮಾಡುತ್ತಿದೆ. ವರ್ಷಕ್ಕೆ ಇಷ್ಟು ಡೋಸ್, ಇಷ್ಟು ಬೆಲೆಗೆ, ಇಷ್ಟು ವರ್ಷ ಕೊಳ್ಳುತ್ತೇವೆ ಅಂತ ಸರ್ಕಾರ ಮೊದಲೇ ಬರೆದುಕೊಟ್ಟರೆ ತಯಾರಕರಿಗೆ ಧೈರ್ಯ ಬರುತ್ತದೆ. ನಿಮ್ಮ ಶಾಸಕರನ್ನು ಕೇಳುವುದಾದರೆ ಇದನ್ನೇ ಕೇಳಿ. ಅರ್ಜಿ ಬರೆಯಲು ನಾನು ಕೂರುತ್ತೇನೆ.