ಎದೆಹಾಲಿನ ವಿಷಯ ಯಾರನ್ನು ಕೇಳೋದು, ಏನನ್ನು ನಂಬೋದು?

ಪ್ರಶ್ನೆ:
ನನಗೀಗ ಎಂಟು ತಿಂಗಳು, ಚೊಚ್ಚಲ. ಮಗುವಿಗೆ ಎದೆಹಾಲೇ ಕೊಡಬೇಕು ಅಂತ ಆಸೆ. ಆದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ವಿಡಿಯೋ ನೋಡುತ್ತಾ ಕೂತರೆ ತಲೆ ಇನ್ನಷ್ಟು ಕೆಡುತ್ತೆ. ನಿಮಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಏನು? ಹೆರಿಗೆಗೆ ಮುಂಚೆಯೇ ಏನೇನು ನೋಡಿಟ್ಟುಕೊಳ್ಳಲಿ? ಅನುಭವ ಇರುವ ಅಕ್ಕಂದಿರು ದಯವಿಟ್ಟು ಹೇಳಿ.

ಎರಡು ಮಕ್ಕಳ ತಾಯಿ:
ತಂಗಿ, ಪುಸ್ತಕ, ವಿಡಿಯೋ, ಆ್ಯಪ್ ಎಲ್ಲ ಆಮೇಲೆ. ಮಗು ಹಾಲು ಕುಡಿಯುವಾಗ ಪಕ್ಕದಲ್ಲಿ ಕೂತು, ಶುರುವಿನಿಂದ ಕೊನೆವರೆಗೆ ನೋಡಿ ಹೇಳುವ ಒಬ್ಬರನ್ನು ಈಗಲೇ ಹುಡುಕಿಟ್ಟುಕೋ. ಮೊದಲ ವಾರಗಳ ನೋವಿಗೆ ಬಹಳಷ್ಟು ಸಲ ಮಗು ಬಾಯಿ ಹಚ್ಚುವ ರೀತಿಯೇ ಕಾರಣ. ಅದನ್ನು ಕಣ್ಣಾರೆ ನೋಡದೆ ಸರಿಮಾಡೋದು ಕಷ್ಟ.

ನನ್ನ ಮೊದಲ ಮಗು ಹುಟ್ಟಿದಾಗ ತೊಟ್ಟು ಬಿರಿದು ರಕ್ತ ಬರುತ್ತಿತ್ತು. "ಮೊದಮೊದಲು ಹಾಗೇ, ಸಹಿಸಿಕೋ" ಅಂದವರೇ ಎಲ್ಲ. ಆಮೇಲೆ ಒಬ್ಬ ಲ್ಯಾಕ್ಟೇಷನ್ ಕನ್ಸಲ್ಟೆಂಟ್, ಅಂದರೆ ಎದೆಹಾಲೂಡಿಸೋದನ್ನು ಹೇಳಿಕೊಡುವ ಸಲಹೆಗಾರರು, ಬಂದರು. ಬಂದವರು ಏನೂ ಹೇಳದೆ ಸ್ವಲ್ಪ ಹೊತ್ತು ಸುಮ್ನೆ ನೋಡಿದರು. ಮಗು ತೊಟ್ಟಿನ ತುದಿಯನ್ನಷ್ಟೇ ಕಚ್ಚಿಕೊಂಡಿತ್ತು, ಕತ್ತು ಪಕ್ಕಕ್ಕೆ ತಿರುಗಿತ್ತು. ಅವರು ಅದರ ಇಡೀ ಮೈಯನ್ನು ನನ್ನ ಕಡೆ ತಿರುಗಿಸಿ ಹೊಟ್ಟೆಗೆ ಹೊಟ್ಟೆ ತಾಗಿಸಿದರು. ತೊಟ್ಟು ಮಗುವಿನ ಮೂಗಿನ ನೇರಕ್ಕೆ ಬರುವಂತೆ ಹಿಡಿದು, ಅದು ಆಕಳಿಸುವಷ್ಟು ಅಗಲ ಬಾಯಿ ತೆರೆಯುವವರೆಗೂ ಕಾದರು. ತೆರೆದ ತಕ್ಷಣ ಎದೆಗೆ ತಂದರು. ಗದ್ದ ಎದೆಗೆ ಒತ್ತಿತು, ಕೆಳತುಟಿ ಹೊರಕ್ಕೆ ಮಡಚಿತು. ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲ್ತುಟಿಯ ಕಡೆ ಸ್ವಲ್ಪ ಕಾಣುತ್ತಿತ್ತು, ಕೆಳಗಡೆ ಬಹುತೇಕ ಬಾಯೊಳಗೆ ಹೋಗಿತ್ತು. ಗುಟುಕು ನುಂಗುವ ಸದ್ದು ಕೇಳಿಸಿತು. ನೋವು ಅಲ್ಲೇ ಅರ್ಧ ಇಳಿಯಿತು.

ಇಂಥವರನ್ನು ಹುಡುಕುವಾಗ ಐಬಿಸಿಎಲ್‌ಸಿ ಅರ್ಹತೆ ಇದೆಯಾ ಅಂತ ಕೇಳು. ಅದು ಅಂತಾರಾಷ್ಟ್ರೀಯ ಪರೀಕ್ಷೆ ಬರೆದು ಪಡೆಯುವಂಥದ್ದು, 1985ರಿಂದ ಇದೆ. ಅರ್ಹತೆ ಈಗಲೂ ಚಾಲ್ತಿಯಲ್ಲಿದೆಯಾ ಅಂತ ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ನೋಡಬಹುದು. ದುಡ್ಡು ಕೊಡೋಕೆ ಆಗದಿದ್ದರೆ ಲಾ ಲೇಚೆ ಲೀಗ್ ಇದೆ. 1956ರಲ್ಲಿ ಅಮೆರಿಕದಲ್ಲಿ ಏಳು ಜನ ತಾಯಂದಿರು ಸೇರಿ ಶುರುಮಾಡಿದ್ದು, ಈಗ ಹಲವು ದೇಶಗಳಲ್ಲಿದೆ. ಅಲ್ಲಿ ತಾಯಂದಿರೇ ತಾಯಂದಿರಿಗೆ ಹೇಳಿಕೊಡುತ್ತಾರೆ. ಬಸುರಿಯರೂ ಹೋಗಿ ಕೂರಬಹುದು. ನಾನು ಎರಡನೆಯದಕ್ಕೆ ಮುಂಚೆ ಹೋಗಿದ್ದೆ. ಬೇರೆ ತಾಯಂದಿರು ಹಾಲೂಡಿಸೋದನ್ನು ಹತ್ತಿರದಿಂದ ನೋಡಿದ್ದೇ ನನಗೆ ಎಲ್ಲಕ್ಕಿಂತ ಜಾಸ್ತಿ ಧೈರ್ಯ ಕೊಟ್ಟಿತು.

ವಿಡಿಯೋ ಬೇಕೇ ಬೇಕು ಅಂದರೆ ಗ್ಲೋಬಲ್ ಹೆಲ್ತ್ ಮೀಡಿಯಾದವರದ್ದು ನೋಡು. ಉಚಿತ, ಹಲವು ಭಾಷೆಗಳಲ್ಲಿವೆ. ಗೊಂಬೆ ಇಟ್ಟುಕೊಂಡು ತೋರಿಸೋದಿಲ್ಲ, ನಿಜವಾದ ತಾಯಿ, ನಿಜವಾದ ಕೂಸು.

ಹೆರಿಗೆ ವಾರ್ಡಿನ ನರ್ಸ್:
ಮೇಲಿನ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಇದರ ಜೊತೆಗೆ ನಿಮ್ಮ ಆಸ್ಪತ್ರೆಯನ್ನೂ ಈಗಲೇ ವಿಚಾರಿಸಿಕೊಳ್ಳಿ. ಹುಟ್ಟಿದ ತಕ್ಷಣ ಮಗುವನ್ನು ಬರಿಮೈಯಲ್ಲಿ ಎದೆ ಮೇಲೆ ಮಲಗಿಸುತ್ತೀರಾ? ಮೊದಲ ಗಂಟೆಯೊಳಗೆ ಹಾಲು ಹಿಡಿಸುತ್ತೀರಾ? ಹಗಲು ರಾತ್ರಿ ಮಗು ನನ್ನ ಜೊತೆಯೇ ಇರುತ್ತಾ? ರಾತ್ರಿ ಎರಡು ಗಂಟೆಗೆ ಮಗು ಹಾಲು ಹಿಡಿಯದಿದ್ದರೆ ಯಾರು ಬರುತ್ತಾರೆ? ಕೊನೆಯದಕ್ಕೆ ಬರುವ ಉತ್ತರದಲ್ಲೇ ಆ ಜಾಗ ಎಂಥದ್ದು ಅಂತ ಗೊತ್ತಾಗುತ್ತೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1991ರಲ್ಲಿ ಶಿಶುಸ್ನೇಹಿ ಆಸ್ಪತ್ರೆ ಅನ್ನೋ ಕಾರ್ಯಕ್ರಮ ಶುರುಮಾಡಿದವು. ಆ ಮಾನ್ಯತೆ ಇದ್ದರೆ ಇನ್ನೂ ಒಳ್ಳೆಯದು.

"ಹಾಲು ಸಾಲುತ್ತಿಲ್ಲ" ಅನ್ನುವ ಭಯ ಎಲ್ಲರಿಗೂ ಬರುತ್ತೆ. ಅಳುವೊಂದನ್ನೇ ನೋಡಿ ತೀರ್ಮಾನಕ್ಕೆ ಬರಬೇಡಿ. ಡೈಪರ್ ನೋಡಿ. ಐದನೇ ದಿನದ ನಂತರ ದಿನಕ್ಕೆ ಆರು ಅಥವಾ ಜಾಸ್ತಿ ಒದ್ದೆ ಆಗಬೇಕು. ಎಳೆಕೂಸು 24 ಗಂಟೆಯಲ್ಲಿ 8ರಿಂದ 12 ಸಲ ಹಾಲು ಕೇಳೋದು ಸಹಜ. ಹುಟ್ಟಿದ ಮೇಲೆ ತೂಕ ಸ್ವಲ್ಪ ಇಳಿದು, ಹೆಚ್ಚುಕಮ್ಮಿ ಎರಡು ವಾರದೊಳಗೆ ಮತ್ತೆ ಮೊದಲಿನಷ್ಟಾಗುತ್ತೆ. ಮಗು ಏಳಿಸಿದರೂ ಏಳದೆ ಮಂಕಾಗಿದ್ದರೆ, ಅಥವಾ ಡೈಪರ್ ಒಣಗೇ ಇದ್ದರೆ ಆನ್‌ಲೈನ್‌ನಲ್ಲಿ ಕೇಳುತ್ತಾ ಕೂರಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ.

ಒಬ್ಬ ಅಪ್ಪ:
ಗಂಡಸರಿಗೂ ಇಲ್ಲಿ ಕೆಲಸ ಇದೆ. ನನ್ನ ಹೆಂಡತಿಗೆ ಒಂದು ಮಾತ್ರೆ ಬರೆದುಕೊಟ್ಟು, "ಇದು ಮುಗಿಯುವವರೆಗೆ ಹಾಲು ಕೊಡಬೇಡಿ" ಅಂದಿದ್ದರು. ಅವಳು ಅತ್ತೇ ಬಿಟ್ಟಳು. ನಾನು ಲ್ಯಾಕ್ಟ್‌ಮೆಡ್‌ನಲ್ಲಿ ಹುಡುಕಿದೆ. ಅದು ಔಷಧ ಮತ್ತು ಎದೆಹಾಲಿನ ಮಾಹಿತಿಕೋಶ, ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಜಾಲತಾಣದಲ್ಲಿದೆ, ಉಚಿತ. ಯಾವ ಔಷಧ ಹಾಲಿಗೆ ಎಷ್ಟು ಸೇರುತ್ತೆ, ಮಗುವಿಗೆ ಏನಾಗಬಹುದು, ಬದಲಿಗೆ ಯಾವುದು ಇದೆ ಅಂತ ಒಂದೊಂದಕ್ಕೂ ಬರೆದಿದ್ದಾರೆ. ಆ ಪುಟ ತೋರಿಸಿದೆವು. ಡಾಕ್ಟರು ಓದಿ ನೋಡಿ ಬೇರೆ ಮಾತ್ರೆ ಬರೆದರು, ಹಾಲು ನಿಲ್ಲಿಸಬೇಕಾಗಲಿಲ್ಲ. ಆದರೆ ನೀವೇ ಓದಿಕೊಂಡು ಮಾತ್ರೆ ಬದಲಾಯಿಸಬೇಡಿ. ಡಾಕ್ಟರ ಹತ್ತಿರ ಮಾತಾಡೋಕೆ ಅದು ಆಧಾರ, ಅಷ್ಟೇ.

ಇನ್ನೊಂದು ವಿಷಯ. ಮಾಹಿತಿ ಕೊಡುತ್ತಿರುವವರು ಏನು ಮಾರುತ್ತಾರೆ ಅಂತ ನೋಡಿ. ಡಬ್ಬಿ ಹಾಲಿನ ಕಂಪನಿಗಳು ತಾಯಂದಿರಿಗೆ ಉಚಿತ ಸ್ಯಾಂಪಲ್ ಹಂಚಬಾರದು, ಜಾಹೀರಾತು ಕೊಡಬಾರದು ಅಂತ 1981ರಲ್ಲೇ ಅಂತಾರಾಷ್ಟ್ರೀಯ ಸಂಹಿತೆ ಬಂದಿದೆ. ಆದರೂ "ಅಮ್ಮಂದಿರ ಕ್ಲಬ್" ಅಂತ ಹೆಸರಿಟ್ಟುಕೊಂಡು ಬರುತ್ತಾರೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಸಿಸೇರಿಯನ್ ಆದರೆ, ಇಲ್ಲವೇ ಮಗುವನ್ನು ಎಳೆಕೂಸುಗಳ ತೀವ್ರ ನಿಗಾ ಘಟಕ ಅಂತಾರಲ್ಲ, ಆ ಎನ್‌ಐಸಿಯುನಲ್ಲಿ ಇಟ್ಟರೆ?

ಅವಧಿಗೆ ಮುಂಚೆ ಹೆತ್ತ ತಾಯಿ:
ನನ್ನದು ಎರಡೂ ಆಗಿತ್ತು ಕಣಮ್ಮ. ಕೈಯಿಂದ ಹಾಲು ಹಿಂಡೋದನ್ನು ಈಗಲೇ ನೋಡಿ ಕಲಿತುಕೋ, ಆದರೆ ಹೆರಿಗೆಗೆ ಮುಂಚೆ ಹಿಂಡೋದು ಬೇಡ, ಅದನ್ನು ಡಾಕ್ಟರನ್ನು ಕೇಳಿಯೇ ಮಾಡು. ಮೊದಲ ದಿನಗಳ ದಪ್ಪ ಹಳದಿ ಹಾಲು ಹನಿಗಳ ಲೆಕ್ಕದಲ್ಲಿ ಬರುತ್ತೆ. ಕೈಯಲ್ಲಿ ಹಿಂಡಿ ಚಮಚಕ್ಕೋ ಸಿರಿಂಜಿಗೋ ಹಿಡಿಯೋದು ಸುಲಭ. ಪಂಪ್ ಹಾಕಿದರೆ ಅಷ್ಟೂ ಅದಕ್ಕೇ ಅಂಟಿಕೊಂಡು ಹೋಗುತ್ತೆ. ಮಗು ದೂರ ಇದ್ದರೂ ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಹಿಂಡಲು ಶುರುಮಾಡು, ರಾತ್ರಿಯೂ ಬಿಡಬೇಡ. ಹಾಲು ತೆಗೆದಷ್ಟೂ ಹಾಲು ಬರುತ್ತೆ. ಹೊಲಿಗೆ ನೋಯುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿ ಕೊಡು, ಇಲ್ಲವೇ ಮಗುವಿನ ಕಾಲು ಹಿಂದಕ್ಕೆ ಬರುವಂತೆ ಕಂಕುಳ ಕೆಳಗೆ ಹಿಡಿದು ಕೊಡು, ಹೊಟ್ಟೆ ಮೇಲೆ ಭಾರ ಬೀಳೋದಿಲ್ಲ.

ನಾನು ಕೆಲವು ವಾರ ಡಬ್ಬಿ ಹಾಲನ್ನೂ ಕೊಡಬೇಕಾಯಿತು. ಅದಕ್ಕೆ ನನ್ನನ್ನು ಬೈದ ಗುಂಪು ಬಿಟ್ಟೆ. ಎಷ್ಟು ಕೊಡಬೇಕು, ಜೊತೆಗೆ ನನ್ನ ಹಾಲು ಹೇಗೆ ಉಳಿಸಿಕೊಳ್ಳಬೇಕು ಅಂತ ಹೇಳಿಕೊಟ್ಟವರನ್ನು ಹಿಡಿದುಕೊಂಡೆ. ನೀನೂ ಹಾಗೇ ಮಾಡು. ಅಂಥವರ ನಂಬರನ್ನು ಫೋನಿನಲ್ಲಿ ಸೇವ್ ಮಾಡಿ, ಮನೆಯವರಿಗೂ ಕೊಟ್ಟಿರು. ನಿನ್ನ ಕೈ ಬಿಡುವಿಲ್ಲದಾಗ ಮನೆಯವರೇ ಫೋನ್ ಮಾಡಬಹುದು.